ಪೆಟ್ಟಿನ ಹಿಂದಿನ ಕೈ

ಒಂದು ಬಳೆ, ಅದಕ್ಕೆ ಬಿಗಿದ ಚರ್ಮ, ಎರಡು ಕೋಲು. ತಮಟೆ ಎಂದರೆ ಇಷ್ಟೇ. ಅದರಲ್ಲಿ ರಾಗವಿಲ್ಲ, ಮಾತಿಲ್ಲ. ಹಾಗಿದ್ದೂ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹಳ್ಳಿಗಳಲ್ಲಿ ಜಾತ್ರೆಯ ರಾತ್ರಿ ದೂರದಿಂದ ಬರುವ ಸದ್ದು ಕೇಳಿಯೇ ‘ಇದು ಇಂಥವನ ಕೈ’ ಎಂದು ಹೇಳಬಲ್ಲ ಹಿರಿಯರಿದ್ದಾರೆ. ಅದೇ ತಮಟೆ, ಅದೇ ಗತ್ತು. ಆದರೆ ಪಕ್ಕದಲ್ಲಿ ನಿಂತವನು ಬಾರಿಸಿದರೆ ಅದು ಬೇರೆಯಾಗಿಯೇ ಕೇಳುತ್ತದೆ. ಈ ವ್ಯತ್ಯಾಸ ಎಲ್ಲಿಂದ ಬಂತು? ಕಲಿತು ಬರುವಂಥದ್ದೇ, ಹುಟ್ಟಿನಿಂದ ಬರುವಂಥದ್ದೇ, ಅಥವಾ ಇವೆರಡೂ ಅಲ್ಲದ ಇನ್ನೊಂದೇ?

ಮೇಲ್ನೋಟಕ್ಕೆ ಇದು ಸಂಗೀತದ ಪ್ರಶ್ನೆಯಂತೆ ಕಾಣುತ್ತದೆ. ಆದರೆ ತಮಟೆಯನ್ನು ಹುಟ್ಟಿನೊಂದಿಗೆ ಗಂಟು ಹಾಕಿದ ಸಮಾಜದಲ್ಲಿ ಇದು ನ್ಯಾಯದ ಪ್ರಶ್ನೆಯೂ ಹೌದು. ಇದನ್ನು ಬಿಡಿಸಿ ನೋಡಲು ನಾವು ಸ್ವಲ್ಪ ದೂರ ಹೋಗಿ ಬರಬೇಕಾಗುತ್ತದೆ. ಏಕೆಂದರೆ ನಮ್ಮ ತಮಟೆಯವರ ಕೈಗಳ ಬಗ್ಗೆ ಬರೆದಿಟ್ಟವರು ಬಹಳ ಕಡಿಮೆ. ಪಶ್ಚಿಮದ ರಾಕ್ ಸಂಗೀತದಲ್ಲಿ ಮಾತ್ರ ಒಬ್ಬೊಬ್ಬ ಡ್ರಮ್ಮರನ ಹೆಸರು, ಅಭ್ಯಾಸ, ಮಿತಿ, ಕೊನೆಗೆ ಅವನು ಕುಳಿತುಕೊಳ್ಳುವ ಭಂಗಿಯೂ ದಾಖಲಾಗಿದೆ. ದಾಖಲೆ ಇರುವಲ್ಲಿಂದ ಪ್ರಶ್ನೆಯನ್ನು ಎತ್ತಿಕೊಂಡು, ದಾಖಲೆ ಇಲ್ಲದ ನಮ್ಮ ಊರಿಗೆ ಮರಳುವುದು ಇಲ್ಲಿನ ಉದ್ದೇಶ.

ರಾಕ್ ಸಂಗೀತ ನಮಗೆ ತೀರಾ ಪರದೇಶದ್ದೇನೂ ಅಲ್ಲ. 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿತ್ತು. ಅದರ ಡ್ರಮ್ಮರ್ ಚಾರ್ಲಿ ವಾಟ್ಸ್ ದೊಡ್ಡ ಸದ್ದು ಮಾಡುವವರಲ್ಲ. ಮುಂದೆ ಗಾಯಕರು ಕುಣಿಯುತ್ತಿದ್ದರೆ ಹಿಂದೆ ಅವರು ಲೆಕ್ಕಪತ್ರ ಬರೆಯುವ ಗುಮಾಸ್ತರಂತೆ ನೆಟ್ಟಗೆ ಕೂರುತ್ತಿದ್ದರು. ಆದರೆ ಅವರದೊಂದು ರೂಢಿಯಿತ್ತು. ಎಡಗೈ ನಡುವಿನ ಸ್ನೇರ್ ಡ್ರಮ್ಮಿಗೆ ಹೊಡೆಯುವ ಕ್ಷಣದಲ್ಲಿ, ಹೈ-ಹ್ಯಾಟ್ ಎನ್ನುವ ಜೋಡಿ ತಾಳದ ಮೇಲಿರುವ ಬಲಗೈಯನ್ನು ಅವರು ಮೇಲಕ್ಕೆ ಎತ್ತಿಬಿಡುತ್ತಿದ್ದರು. ಹೆಚ್ಚಿನ ಡ್ರಮ್ಮರುಗಳು ಎರಡನ್ನೂ ಒಟ್ಟಿಗೆ ಹೊಡೆಯುತ್ತಾರೆ. ವಾಟ್ಸ್ ಬಿಡುತ್ತಿದ್ದ ಆ ಚಿಕ್ಕ ಖಾಲಿ ಜಾಗ ಆ ತಂಡದ ಹಾಡುಗಳಿಗೆ ಒಂದು ಬಗೆಯ ಉಸಿರಾಟ ಕೊಟ್ಟಿತು. 2021ರಲ್ಲಿ ಅವರು ತೀರಿಕೊಂಡರು. ಕೈ ಎತ್ತುವುದನ್ನು ಯಾರು ಬೇಕಾದರೂ ಕಲಿಯಬಹುದು. ಎತ್ತಿದ ಕೈ ಎಷ್ಟು ತಡವಾಗಿ ಇಳಿಯಬೇಕು ಎಂಬುದನ್ನು ಮಾತ್ರ ಕಲಿಸುವುದು ಕಷ್ಟ.

2007ರ ಮಾರ್ಚ್‌ನಲ್ಲಿ ಅದೇ ಮೈದಾನದಲ್ಲಿ ಐರನ್ ಮೇಡನ್ ತಂಡ ಹಾಡಿತು. ಹೆವಿ ಮೆಟಲ್ ಎಂಬ ಈ ಬಗೆಯ ಸಂಗೀತದಲ್ಲಿ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿಗೆ ಎರಡು ಪೆಡಲ್ ಇಟ್ಟುಕೊಳ್ಳುವುದು ಸಾಮಾನ್ಯ. ಅದರ ಡ್ರಮ್ಮರ್ ನಿಕೊ ಮೆಕ್‌ಬ್ರೈನ್ ಹೆಸರಾದದ್ದು ಒಂದೇ ಪೆಡಲಿನಿಂದ, ಅದೂ ಬರಿಗಾಲಲ್ಲಿ ಬಾರಿಸುವುದಕ್ಕೆ. ಬೇರೆಯವರು ಎರಡು ಕಾಲಿನಲ್ಲಿ ಮಾಡುವುದನ್ನು ಅವರು ಒಂದರಲ್ಲಿ ಮಾಡುತ್ತಿದ್ದರು. 2023ರ ಆರಂಭದಲ್ಲಿ ಅವರಿಗೆ ಪಾರ್ಶ್ವವಾಯು ತಗುಲಿತು. ಚೇತರಿಸಿಕೊಂಡು ಮತ್ತೆ ವೇದಿಕೆಗೆ ಬಂದ ಅವರು 2024ರ ಡಿಸೆಂಬರ್‌ನಲ್ಲಿ ಪ್ರವಾಸದ ಕಛೇರಿಗಳಿಂದ ನಿವೃತ್ತರಾದರು.

ಹೀಗೆ ಅನುಕರಿಸಲು ಕಷ್ಟವಾದ ಶೈಲಿಗಳನ್ನು ನೋಡುತ್ತ ಹೋದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವುಗಳಲ್ಲಿ ಹಲವು ಹುಟ್ಟಿದ್ದು ಹೆಚ್ಚಿನ ಶಕ್ತಿಯಿಂದಲ್ಲ, ಯಾವುದೋ ಒಂದು ಕೊರತೆಯಿಂದ. ಬೀಟಲ್ಸ್ ತಂಡದ ರಿಂಗೊ ಸ್ಟಾರ್ ಹುಟ್ಟಾ ಎಡಚರು. ಎಡಗೈ ಬಳಕೆ ಒಳ್ಳೆಯದಲ್ಲವೆಂದು ಅಜ್ಜಿ ತಮ್ಮನ್ನು ಬಲಗೈಗೆ ತಿದ್ದಿದರೆಂದು ಅವರೇ ಹೇಳಿಕೊಂಡಿದ್ದಾರೆ. ನಮ್ಮ ಮನೆಗಳಲ್ಲೂ ಎಡಗೈಯಲ್ಲಿ ತುತ್ತೆತ್ತುವ ಮಗುವಿನ ಕೈಗೆ ಏಟು ಬಿದ್ದದ್ದುಂಟು. ರಿಂಗೊ ಕೂತದ್ದು ಬಲಗೈಯವರಿಗೆ ಜೋಡಿಸಿದ ಡ್ರಮ್ಮುಗಳ ಮುಂದೆ. ಒಂದು ಡ್ರಮ್ಮಿನಿಂದ ಇನ್ನೊಂದಕ್ಕೆ ಸಾಗುವಾಗ ಅವರ ಎಡಗೈ ಮೊದಲು ಹೊರಡುತ್ತಿತ್ತು. ಹಾಗಾಗಿ ಬೇರೆಯವರು ಸಲೀಸಾಗಿ ಉರುಳಿಸುವ ಪೆಟ್ಟುಗಳು ಅವರಲ್ಲಿ ಕೊಂಚ ತಡವರಿಸಿ, ಬೇರೆಯದೇ ಒಂದು ಸೊಗಸಿನಿಂದ ಬೀಳುತ್ತಿದ್ದವು. 1984ರ ಡಿಸೆಂಬರ್ 31ರಂದು ಡೆಫ್ ಲೆಪರ್ಡ್ ತಂಡದ ರಿಕ್ ಅಲೆನ್ ಕಾರು ಅಪಘಾತದಲ್ಲಿ ಎಡಗೈಯನ್ನೇ ಕಳೆದುಕೊಂಡರು. ತಂಡ ಅವರನ್ನು ಬಿಡಲಿಲ್ಲ. ಎಡಗೈ ಮಾಡುತ್ತಿದ್ದ ಕೆಲಸವನ್ನು ಎಡಗಾಲಿನ ಪೆಡಲ್‌ಗಳಿಗೆ ಒಪ್ಪಿಸಿ, ದೇಹವನ್ನು ಮೊದಲಿನಿಂದ ಪಳಗಿಸಿ, 1986ರಲ್ಲಿ ಅವರು ದೊಡ್ಡ ವೇದಿಕೆಗೆ ಮರಳಿದರು. ಎರಡು ಕೈ ಇರುವವನು ಅದನ್ನು ಹಾಗೆಯೇ ಅನುಕರಿಸಬೇಕೆಂದರೆ ತನ್ನದೊಂದು ಕೈಯನ್ನು ಮರೆಯಬೇಕು.

ಇಲ್ಲಿ ಕಾಣುವ ಶೈಲಿ ಎಂಬುದು ಪೆಟ್ಟಿಗೆಯಲ್ಲಿಟ್ಟ ಗುಟ್ಟಲ್ಲ. ಎಲ್ಲವೂ ಕಣ್ಣೆದುರಿಗೇ ಇದೆ. ಹೇಗೆ ಹಿಡಿಯಬೇಕು, ಎಲ್ಲಿ ಹೊಡೆಯಬೇಕು ಎಂಬುದನ್ನು ಚಿತ್ರ ಬರೆದು ವಿವರಿಸಬಹುದು. ಆದರೂ ಅದು ಕೈಗೆ ಸಿಗುವುದಿಲ್ಲ. ಏಕೆಂದರೆ ಅದು ಒಬ್ಬ ಮನುಷ್ಯ ತನ್ನ ದೇಹ, ತನ್ನ ಗಾಯ, ತನ್ನ ಅಭ್ಯಾಸ, ತನ್ನ ಜೊತೆಗಾರರ ನಡುವೆ ಮಾಡಿಕೊಂಡ ಒಪ್ಪಂದ. ಒಪ್ಪಂದದ ಷರತ್ತುಗಳನ್ನು ನಕಲು ಮಾಡಬಹುದು, ಅದಕ್ಕೆ ಸಹಿ ಹಾಕಿದ ಬದುಕನ್ನಲ್ಲ.

ಇದು ಬರೀ ಭಾವುಕತೆಯ ಮಾತೇನೋ ಎಂದು ಅನುಮಾನ ಬರಬಹುದು. 2015ರಲ್ಲಿ ಪ್ರಕಟವಾದ ಒಂದು ವೈಜ್ಞಾನಿಕ ಅಧ್ಯಯನ ಇಲ್ಲಿ ನೆನಪಿಗೆ ಬರುತ್ತದೆ. ಟೋಟೊ ತಂಡದ ಡ್ರಮ್ಮರ್ ಜೆಫ್ ಪೊರ್ಕಾರೊ 1982ರ ಒಂದು ಹಾಡಿನಲ್ಲಿ ಹೈ-ಹ್ಯಾಟ್ ಮೇಲೆ ಬಾರಿಸಿದ ಪೆಟ್ಟುಗಳನ್ನು ಸಂಶೋಧಕರು ಒಂದೊಂದಾಗಿ ಅಳೆದರು. ಗಡಿಯಾರದ ಲೆಕ್ಕಕ್ಕೆ ಹೋಲಿಸಿದರೆ ಪೆಟ್ಟುಗಳು ಕ್ಷಣದ ಅತಿ ಸಣ್ಣ ಪಾಲಿನಷ್ಟು ಮುಂದೆಯೋ ಹಿಂದೆಯೋ ಬೀಳುತ್ತಿದ್ದವು. ಅದರಲ್ಲಿ ಅಚ್ಚರಿಯೇನಿಲ್ಲ, ಮನುಷ್ಯ ಗಡಿಯಾರವಲ್ಲ. ಅಚ್ಚರಿ ಇದ್ದದ್ದು ಬೇರೆ ಕಡೆ. ಆ ಏರುಪೇರುಗಳು ಮನಬಂದಂತೆ ಇರಲಿಲ್ಲ. ಮೊದಲು ಬಿದ್ದ ಪೆಟ್ಟಿಗೂ ಬಹಳ ಹೊತ್ತಿನ ನಂತರ ಬಿದ್ದ ಪೆಟ್ಟಿಗೂ ಸಂಬಂಧವಿತ್ತು. ಇಂದಿನ ಸಂಗೀತದ ತಂತ್ರಾಂಶಗಳಲ್ಲಿ ಯಂತ್ರದ ಲಯವನ್ನು ಮನುಷ್ಯರ ಲಯದಂತೆ ಮಾಡಲು ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಯಂತ್ರ ಅಲ್ಲಲ್ಲಿ ಸಣ್ಣ ತಪ್ಪುಗಳನ್ನು ಬೆರೆಸುತ್ತದೆ. ಆದರೆ ಮನುಷ್ಯನ ಏರುಪೇರು ಚೆಲ್ಲಾಪಿಲ್ಲಿ ಬೆರೆಸಿದ ತಪ್ಪಲ್ಲ. ಅದಕ್ಕೆ ನೆನಪಿದೆ.

ಹಾಗಾದರೆ ಈ ಕೈ ರಕ್ತದಲ್ಲಿ ಹರಿದು ಬರುತ್ತದೆಯೇ? ಅಪ್ಪನದು ಮಗನಿಗೆ ಸಿಗುತ್ತದೆಯೇ? ಇದಕ್ಕೂ ರಾಕ್ ಸಂಗೀತದಲ್ಲಿ ಉತ್ತರ ಹುಡುಕಬಹುದು. ಲೆಡ್ ಜೆಪ್ಲಿನ್ ತಂಡದ ಜಾನ್ ಬಾನಮ್ 1980ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ತಂಡಕ್ಕೆ ಬೇಕಾದಷ್ಟು ಡ್ರಮ್ಮರುಗಳು ಸಿಗುತ್ತಿದ್ದರು. ಆದರೆ ಉಳಿದ ಮೂವರು ಅದೇ ವರ್ಷದ ಡಿಸೆಂಬರ್‌ನಲ್ಲಿ ತಂಡವನ್ನೇ ಮುಗಿಸಿದರು. 27 ವರ್ಷಗಳ ನಂತರ, 2007ರ ಡಿಸೆಂಬರ್ 10ರಂದು ಲಂಡನ್‌ನಲ್ಲಿ ಒಂದು ರಾತ್ರಿಯ ಮಟ್ಟಿಗೆ ಅವರು ಮತ್ತೆ ಸೇರಿದಾಗ ಡ್ರಮ್ಮಿನ ಮುಂದೆ ಕೂತದ್ದು ಬಾನಮ್‌ರ ಮಗ ಜೇಸನ್. ಅವರು ಬಹಳ ಚೆನ್ನಾಗಿ ಬಾರಿಸಿದರು. ಆದರೂ ತಂಡ ಮುಂದುವರಿಯಲಿಲ್ಲ. ಇನ್ನೊಂದು ನಿದರ್ಶನ ಇದಕ್ಕಿಂತ ಸ್ವಾರಸ್ಯಕರ. ರಿಂಗೊ ಸ್ಟಾರ್ ಅವರ ಮಗ ಜ್ಯಾಕ್ ಸ್ಟಾರ್ಕಿ ಕೂಡ ಡ್ರಮ್ಮರ್ ಆದರು. ಚಿಕ್ಕಂದಿನಲ್ಲಿ ಅವರಿಗೆ ಡ್ರಮ್ಮುಗಳನ್ನು ಉಡುಗೊರೆ ಕೊಟ್ಟವರು ‘ದ ಹೂ’ ತಂಡದ ಕೀತ್ ಮೂನ್. ಬೆಳೆದ ಮೇಲೆ ಮಗನ ಕೈ ಒಲಿದದ್ದು ಅಳತೆ ಮೀರದ ಅಪ್ಪನ ಬಾರಿಕೆಗಲ್ಲ, ಗುಡುಗಿನಂಥ ಮೂನ್ ಅವರ ಬಾರಿಕೆಗೆ. ಮೂನ್ 1978ರಲ್ಲಿ ತೀರಿಕೊಂಡಿದ್ದರು. 1996ರಲ್ಲಿ ಜ್ಯಾಕ್ ಅವರ ಜಾಗದಲ್ಲಿ ಕೂತು, 2025ರವರೆಗೆ ಆ ತಂಡಕ್ಕೆ ಬಾರಿಸಿದರು. ರಕ್ತ ಒಂದು ಕಡೆ ಕರೆದರೆ ಕಿವಿ ಇನ್ನೊಂದು ಕಡೆ ಹೋಯಿತು. ಕಲೆ ದಾಟುವುದು ಹುಟ್ಟಿನ ದಾರಿಯಲ್ಲಲ್ಲ, ಒಲವಿನ ದಾರಿಯಲ್ಲಿ. ಹಾಗೆ ದಾಟಿದಾಗಲೂ ಅದು ಹೊಸಬನ ಕೈಯಲ್ಲಿ ಹೊಸದೇ ಆಗುತ್ತದೆ.

ಈ ಮಾತನ್ನು ಕೈಯಲ್ಲಿ ಹಿಡಿದುಕೊಂಡು ಈಗ ನಮ್ಮ ತಮಟೆಯ ಬಳಿಗೆ ಬರೋಣ.

ಬೆಂಗಳೂರಿನ ಸುತ್ತಲಿನ ಈ ತಾಲ್ಲೂಕುಗಳಲ್ಲಿ ತಮಟೆ ಇಲ್ಲದ ಊರಹಬ್ಬವಿಲ್ಲ. ಜಾತ್ರೆಗೆ ತಮಟೆ, ಕರಗಕ್ಕೆ ತಮಟೆ, ಮೆರವಣಿಗೆಗೆ ತಮಟೆ, ಸಾವಿಗೆ ತಮಟೆ. ಹಿಂದೆ ಡಂಗುರ ಸಾರಲಿಕ್ಕೂ ಅದೇ ಬೇಕಿತ್ತು. ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಬಾಬಯ್ಯನ ಹಬ್ಬವೆಂದು ಕರೆಯುವ ಮೊಹರಂನಲ್ಲಿ ಪಂಜಾಗಳ ಮುಂದೆ ಸಾಗುವುದೂ ಅದೇ ಸದ್ದು. ಬಾರಿಸುವ ಮುನ್ನ ಹುಲ್ಲೋ ಸೌದೆಯೋ ಉರಿಸಿ ಅದರ ಮುಂದೆ ಚರ್ಮವನ್ನು ಕಾಯಿಸುತ್ತಾರೆ. ಬೆಂಕಿಗೆ ಚರ್ಮ ಬಿಗಿಯಾದಂತೆ ಸ್ವರ ಏರುತ್ತದೆ. ಎಷ್ಟು ಕಾಯಿಸಬೇಕು ಎಂಬುದನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು ತಿಳಿಯಬೇಕು. ಒಂದು ಕೈಯಲ್ಲಿ ದಪ್ಪನೆಯ ಗಿಡ್ಡ ಕೋಲು, ಇನ್ನೊಂದರಲ್ಲಿ ತೆಳ್ಳನೆಯ ಉದ್ದ ಕಡ್ಡಿ. ದಪ್ಪ ಕೋಲು ನಡೆಯನ್ನು ಹಿಡಿದರೆ ತೆಳು ಕಡ್ಡಿ ಅದರ ಸಂದುಗಳನ್ನು ತುಂಬುತ್ತದೆ. ಜೊತೆಗೆ ಕುಣಿತ, ಸುತ್ತು, ಬಾಗುವಿಕೆ. ಕುಳಿತು ಬಾರಿಸುವ ರಾಕ್ ಡ್ರಮ್ಮರನಿಗೆ ಇಲ್ಲದ ಭಾರವೊಂದು ಇಲ್ಲಿದೆ. ವಾದ್ಯವನ್ನು ಹೊತ್ತುಕೊಂಡೇ ಕುಣಿಯಬೇಕು.

ಇಷ್ಟೆಲ್ಲ ಇದ್ದೂ ತಮಟೆಯನ್ನು ನಮ್ಮ ಸಮಾಜ ಕಲೆಯೆಂದು ಕರೆದದ್ದು ಬಹಳ ತಡವಾಗಿ. ಅದುವರೆಗೆ ಅದು ಒಂದು ಜಾತಿಯ ‘ಕೆಲಸ’. ದಲಿತ ಕೇರಿಯಲ್ಲಿ ಹುಟ್ಟಿದವನು ಬಾರಿಸಬೇಕು, ಮಿಕ್ಕವರು ಕೇಳಬೇಕು. ಬಾರಿಸಿದವನು ಗುಡಿಯ ಹೊರಗೆ ನಿಲ್ಲಬೇಕು. ಸತ್ತವರ ಮನೆಯ ಮುಂದೆ ರಾತ್ರಿಯಿಡೀ ಬಾರಿಸಿದವನಿಗೆ ಸಿಗುತ್ತಿದ್ದುದು ಹೊಟ್ಟೆಗೊಂದಿಷ್ಟು, ಕೈಗೊಂದಿಷ್ಟು. ಬರುವುದಿಲ್ಲ ಎಂದು ಹೇಳುವ ಹಕ್ಕು ಅವನಿಗಿರಲಿಲ್ಲ.

ಈ ಕಟ್ಟಳೆಯ ಹಿಂದೆ ಇರುವ ನಂಬಿಕೆಯನ್ನು ಗಮನಿಸಬೇಕು. ತಮಟೆ ಅವರ ರಕ್ತದಲ್ಲೇ ಇದೆ ಎಂದು ಅದು ಹೇಳುತ್ತದೆ. ಕೇಳಲು ಹೊಗಳಿಕೆಯಂತಿದೆ. ಆದರೆ ರಕ್ತದಲ್ಲಿ ಇದೆ ಎಂದಮೇಲೆ ಅಭ್ಯಾಸಕ್ಕೆ, ಬುದ್ಧಿಗೆ, ಆಯ್ಕೆಗೆ ಬೆಲೆಯಿಲ್ಲ. ಅಪ್ಪ ಬಾರದಿದ್ದರೆ ಮಗ, ಅಣ್ಣ ಬಾರದಿದ್ದರೆ ತಮ್ಮ. ಯಾರಾದರೇನು? ಒಬ್ಬನ ಬದಲು ಇನ್ನೊಬ್ಬನನ್ನು ನಿಲ್ಲಿಸಬಹುದಾದ ಕಡೆ ಹೆಸರಿನ ಅಗತ್ಯವೇ ಬೀಳುವುದಿಲ್ಲ. ‘ಇದು ಇಂಥವನ ಕೈ’ ಎಂದು ಗುರುತಿಸುವ ಕಿವಿ ಇದೇ ಊರಿನಲ್ಲಿ ಇದ್ದರೂ, ಆ ಕೈಯ ಒಡೆಯನನ್ನು ಹೆಸರು ಹಿಡಿದು ಗೌರವಿಸುವ ಬಾಯಿ ಇರಲಿಲ್ಲ. ಇದು ಜಾತಿಯ ವಿಚಿತ್ರ ಕುರುಡು. ಅದು ಮನುಷ್ಯನ ಕೌಶಲವನ್ನು ಬಳಸುತ್ತದೆ, ಆದರೆ ಕೌಶಲದ ಹಿಂದೆ ಒಬ್ಬ ಮನುಷ್ಯ ಇದ್ದಾನೆಂದು ಒಪ್ಪುವುದಿಲ್ಲ.

ಅನುಕರಿಸಲಾಗದ ಪ್ರತಿಯೊಂದು ಕೈಯೂ ಈ ನಂಬಿಕೆಯನ್ನು ಸುಳ್ಳು ಮಾಡುತ್ತದೆ. ಒಂದೇ ಕೇರಿಯ, ಒಂದೇ ಮನೆಯ ಇಬ್ಬರು ಒಂದೇ ಗತ್ತನ್ನು ಎರಡು ಬಗೆಯಲ್ಲಿ ಬಾರಿಸುತ್ತಾರೆ ಎಂದಾದರೆ ಅದು ರಕ್ತದ ಕೆಲಸವಲ್ಲ, ಆ ಇಬ್ಬರ ಕೆಲಸ. ಇಷ್ಟನ್ನು ಒಪ್ಪಿದರೆ ತಮಟೆಯನ್ನು ಹುಟ್ಟಿನೊಂದಿಗೆ ಗಂಟು ಹಾಕಲು ಯಾವ ಕಾರಣವೂ ಉಳಿಯುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ‘ಮಕ್ಕಳು ಬಿಟ್ಟುಬಿಟ್ಟರೆ ಈ ಕಲೆ ಸತ್ತುಹೋಗುತ್ತದಲ್ಲ? ಹಿರಿಯರ ಕೈಯನ್ನು ಉಳಿಸುವವರು ಯಾರು?’ ಕೇಳುವವರಲ್ಲಿ ಜಾನಪದ ಪ್ರೇಮಿಗಳೂ ಇದ್ದಾರೆ. ಅವರ ಕಾಳಜಿಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆದರೆ ಇಲ್ಲಿ ಎರಡು ಸಂಗತಿಗಳು ಕಲಸಿಹೋಗಿವೆ. ಗತ್ತುಗಳು, ಹಿಡಿತ, ಕಾಯಿಸುವ ಹದ, ಕುಣಿತದ ಹೆಜ್ಜೆ ಇವೆಲ್ಲ ಕಲಿಸಬಹುದಾದವು. ಇವು ಯಾವ ಜಾತಿಯ ಮಗುವಿಗೂ ದಾಟಬಲ್ಲವು. ಕಲಿಸಲಾಗದ್ದು, ಅಂದರೆ ಆ ಹಿರಿಯರ ಕೈ, ಅವರ ಸ್ವಂತ ಮಗನಿಗೂ ದಾಟುವುದಿಲ್ಲ. ಹಾಗಿರುವಾಗ ಮಗನನ್ನು ಕಟ್ಟಿಹಾಕುವುದರಿಂದ ಉಳಿಯುವುದೇನು? ಕಲಿಸಬಹುದಾದದ್ದನ್ನು ಉಳಿಸಲು ಅವನೊಬ್ಬನೇ ಬೇಕಿಲ್ಲ. ಕಲಿಸಲಾಗದ್ದನ್ನು ಅವನಿಂದಲೂ ಉಳಿಸಲು ಆಗದು. ಜೇಸನ್ ಬಾನಮ್ ಅಪ್ಪನ ಜಾಗದಲ್ಲಿ ಒಂದು ರಾತ್ರಿ ಕೂತದ್ದು ಅವರ ಆಯ್ಕೆ. ಕೂರದಿದ್ದರೂ ಅವರಿಗೆ ದಂಡ ಹಾಕುವ ಪಂಚಾಯ್ತಿ ಇರಲಿಲ್ಲ. ನಮ್ಮ ಹುಡುಗನಿಗೂ ಅಷ್ಟೇ ಸ್ವಾತಂತ್ರ್ಯ ಬೇಕು.

1970ರ ದಶಕದಲ್ಲಿ ಕರ್ನಾಟಕದಲ್ಲಿ ಬೆಳೆದ ದಲಿತ ಚಳವಳಿ ಈ ಗಂಟನ್ನು ಬಿಚ್ಚುವ ಕೆಲಸ ಮಾಡಿತು. ಸಾವಿನ ಮನೆಯ ಮುಂದೆ ಅಪ್ಪಣೆಗೆ ಬಾರಿಸುತ್ತಿದ್ದ ತಮಟೆಯನ್ನು ಹೋರಾಟದ ಹಾಡುಗಳ ಜೊತೆ ಸಭೆಗಳಿಗೆ ತಂದಿತು. ವಾದ್ಯ ಅದೇ. ಆದರೆ ಬಾರಿಸುವವನು ತಾನಾಗಿ ಎತ್ತಿಕೊಂಡಾಗ ಅದರ ಅರ್ಥವೇ ಬದಲಾಯಿತು. ತಮಟೆಯನ್ನು ಪೂರ್ತಿಯಾಗಿ ಕೆಳಗಿಟ್ಟವರೂ ಇದ್ದಾರೆ, ತಲೆಯೆತ್ತಿ ಬಾರಿಸಿದವರೂ ಇದ್ದಾರೆ. ಎರಡೂ ಸರಿ, ಏಕೆಂದರೆ ಎರಡೂ ಅವರವರ ತೀರ್ಮಾನ. ಇತ್ತೀಚಿನ ವರ್ಷಗಳಲ್ಲಿ ಹೆಣ್ಣುಮಕ್ಕಳ ತಮಟೆ ತಂಡಗಳೂ ಬಂದಿವೆ. ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. 2023ರಲ್ಲಿ ಕೇಂದ್ರ ಸರ್ಕಾರ ಅವರಿಗೆ ಪದ್ಮಶ್ರೀ ಘೋಷಿಸಿತು. ಒಬ್ಬ ತಮಟೆ ವಾದಕನ ಹೆಸರು ಊರಿನ ಹೆಸರಿನೊಂದಿಗೆ ದೇಶದ ಪಟ್ಟಿಯಲ್ಲಿ ಅಚ್ಚಾಯಿತು. ಪ್ರಶಸ್ತಿಯೊಂದೇ ಎಲ್ಲವನ್ನೂ ಬದಲಿಸುವುದಿಲ್ಲ, ನಿಜ. ಆದರೆ ‘ತಮಟೆಯವನು’ ಎಂಬಲ್ಲಿ ‘ಮುನಿವೆಂಕಟಪ್ಪ’ ಎಂದು ಬರೆದದ್ದು ಸಣ್ಣ ಮಾತಲ್ಲ.

ಇನ್ನೊಂದು ಆಕ್ಷೇಪವನ್ನೂ ಕೇಳಿಸಿಕೊಳ್ಳಬೇಕು. ಒಬ್ಬೊಬ್ಬರ ಹೆಸರು, ಒಬ್ಬೊಬ್ಬರ ಶೈಲಿ ಎಂದು ಎತ್ತಿ ಹಿಡಿಯುವುದು ಅಹಂಕಾರಕ್ಕೆ ನೀರೆರೆದಂತೆ ಆಗದೇ? ತಮಟೆ ಗುಂಪಿನ ವಾದ್ಯ. ಕರಾವಳಿಯ ಮುಸ್ಲಿಮರ ದಫ್ ಕೂಡ ಹಾಗೆಯೇ. ಅಲ್ಲಿ ಹತ್ತು ಕೈಗಳು ಒಂದೇ ಕೈಯಾಗಿ ಕೇಳಬೇಕೆಂಬುದೇ ಗುರಿ. ಎದ್ದು ಕೇಳುವ ಕೈ ಅಲ್ಲಿ ತಪ್ಪು. ಈ ಮಾತಿನಲ್ಲಿ ಸತ್ಯವಿದೆ. ಆದರೆ ಒಂದಾಗುವುದಕ್ಕೂ ಇಲ್ಲವಾಗುವುದಕ್ಕೂ ಅಂತರವಿದೆ. ದಫ್ ಬಾರಿಸುವವನು ತನ್ನ ಕೈಯನ್ನು ತಾನೇ ತಗ್ಗಿಸುತ್ತಾನೆ. ಚಾರ್ಲಿ ವಾಟ್ಸ್ ಹಾಡಿಗಾಗಿ ಒಂದು ಪೆಟ್ಟನ್ನು ತಾವಾಗಿ ಬಿಟ್ಟುಕೊಟ್ಟಂತೆ. ಆದರೆ ಬೇರೆಯವರು ನಿನಗೆ ಹೆಸರು ಬೇಡ ಎಂದು ತೀರ್ಮಾನಿಸಿದರೆ ಅದು ವಿನಯವಲ್ಲ, ಕಸಿದುಕೊಳ್ಳುವುದು.

ಕಸಿದುಕೊಳ್ಳುವುದು ಜಾತಿಯ ಸಮಾಜದಲ್ಲಿ ಮಾತ್ರ ನಡೆಯುತ್ತದೆ ಎಂದೂ ತಿಳಿಯಬೇಕಿಲ್ಲ. ಹೆಸರುಗಳನ್ನು ದಾಖಲಿಸುವ ಪಶ್ಚಿಮದಲ್ಲೂ ಇಂಥ ಕಥೆಗಳಿವೆ. 1969ರಲ್ಲಿ ದ ವಿನ್‌ಸ್ಟನ್ಸ್ ಎಂಬ ಅಮೆರಿಕದ ತಂಡ ‘ಅಮೆನ್, ಬ್ರದರ್’ ಎಂಬ ವಾದ್ಯಸಂಗೀತವನ್ನು ಮುದ್ರಿಸಿತು. ನಡುವೆ ಉಳಿದ ವಾದ್ಯಗಳೆಲ್ಲ ನಿಂತು ಡ್ರಮ್ ಒಂದೇ ಸುಮಾರು 7 ಸೆಕೆಂಡ್ ಕೇಳುತ್ತದೆ. ಬಾರಿಸಿದವರು ಗ್ರೆಗರಿ ಕೋಲ್ಮನ್ ಎಂಬ ಕಪ್ಪು ವರ್ಣೀಯ ಕಲಾವಿದ. 1980ರ ದಶಕದಲ್ಲಿ ಮುದ್ರಿತ ಧ್ವನಿಯ ತುಣುಕನ್ನು ಕತ್ತರಿಸಿ ಹೊಸ ಹಾಡಿಗೆ ಅಂಟಿಸುವ ಯಂತ್ರಗಳು ಬಂದವು. ಆ ಲಯವನ್ನು ಇನ್ನೊಬ್ಬನಿಂದ ಬಾರಿಸಿದರೆ ಅದು ಹಾಗೆ ಕೇಳುವುದಿಲ್ಲ. ಆದ್ದರಿಂದ ಕೋಲ್ಮನ್‌ರ ಪೆಟ್ಟುಗಳನ್ನೇ ಕತ್ತರಿಸಿಕೊಂಡರು. ಸಾವಿರಾರು ಹಾಡುಗಳಲ್ಲಿ ಆ 7 ಸೆಕೆಂಡ್ ಓಡಾಡಿತು. ಕೋಲ್ಮನ್‌ಗೆ ಅದರಿಂದ ಬಿಡಿಗಾಸೂ ಬರಲಿಲ್ಲ. 2006ರಲ್ಲಿ ಅವರು ಮನೆಯಿಲ್ಲದ ಬಡವರಾಗಿ ತೀರಿಕೊಂಡರು. ಕೈ ಬೇಕಿತ್ತು, ಕೈಯ ಒಡೆಯ ಬೇಕಿರಲಿಲ್ಲ. ನಮ್ಮ ಊರಿನ ಕಥೆಗೂ ಇದಕ್ಕೂ ಎಷ್ಟು ಹೋಲಿಕೆ!

ಕಾನೂನು ಇದರ ಬಗ್ಗೆ ಪೂರ್ತಿ ಮೌನವಾಗಿಲ್ಲ. ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶನ ಕಲಾವಿದರ ಹಕ್ಕುಗಳಿಗೆ 1994ರ ತಿದ್ದುಪಡಿ ಜಾಗ ಮಾಡಿಕೊಟ್ಟಿತು. ಆ ಕಾಯ್ದೆಯ ಪ್ರಕಾರ ನಟ, ಗಾಯಕ, ವಾದಕ, ನರ್ತಕ ಮಾತ್ರವಲ್ಲ, ದೊಂಬರಾಟದವನು, ಹಾವಾಡಿಗ ಕೂಡ ಪ್ರದರ್ಶಕನೇ. 2012ರ ತಿದ್ದುಪಡಿ ತನ್ನ ಪ್ರದರ್ಶನದೊಂದಿಗೆ ತನ್ನ ಹೆಸರು ಇರಬೇಕೆಂದು ಕೇಳುವ ನೈತಿಕ ಹಕ್ಕನ್ನೂ, ವಾಣಿಜ್ಯ ಬಳಕೆಯಾದರೆ ರಾಯಧನ ಪಡೆಯುವ ಹಕ್ಕನ್ನೂ ಸೇರಿಸಿತು. ಆದರೆ ಜಾತ್ರೆಯಲ್ಲಿ ಬಾರಿಸಿದ ತಮಟೆಯನ್ನು ಮೊಬೈಲಿನಲ್ಲಿ ಹಿಡಿದು ಹಂಚುವಾಗ, ಸಿನಿಮಾ ಹಾಡಿಗೆ ನಾಲ್ಕು ತಮಟೆಯವರನ್ನು ಕರೆಸಿ ಮುದ್ರಿಸಿಕೊಳ್ಳುವಾಗ ಈ ಹಕ್ಕು ನೆನಪಾಗುವುದು ಎಷ್ಟು ಮಂದಿಗೆ? ಹಕ್ಕನ್ನು ಕೇಳಲು ಮೊದಲು ಹೆಸರು ಬೇಕು. ಹೆಸರೇ ಬರೆಯದ ಕಡೆ ಹಕ್ಕು ಯಾರನ್ನು ಹುಡುಕಿಕೊಂಡು ಹೋಗಬೇಕು?

ಹಾಗಾಗಿ ನಾವು ಕೇಳುವುದು ದೊಡ್ಡದೇನಲ್ಲ. ಹಬ್ಬ, ಜಾತ್ರೆ, ಉರುಸುಗಳ ಕರಪತ್ರಗಳನ್ನು ಒಮ್ಮೆ ನೋಡಬೇಕು. ಗಣ್ಯರ ಹೆಸರು, ದಾನಿಗಳ ಹೆಸರು, ಆರ್ಕೆಸ್ಟ್ರಾದ ಹೆಸರು, ಶಾಮಿಯಾನದ ಅಂಗಡಿಯ ಹೆಸರು ಎಲ್ಲವೂ ಇರುತ್ತವೆ. ತಮಟೆಯ ಮುಂದೆ ಮಾತ್ರ ಬಹಳ ಸಲ ಹೆಸರಿರುವುದಿಲ್ಲ. ಅಲ್ಲಿ ಬಾರಿಸುವವರ ಹೆಸರುಗಳು ಬರಲಿ. ಸಂಭಾವನೆಯನ್ನು ಮೊದಲೇ ಮಾತಾಡಿ, ಮುಗಿದ ಕೂಡಲೇ ಕೈಗೆ ಕೊಡಲಿ. ಊಟಕ್ಕೆ ಎಲ್ಲರ ಸಾಲಿನಲ್ಲಿ ಕೂರಿಸಲಿ. ‘ಈ ಸಲ ಬರುವುದಿಲ್ಲ’ ಎಂದರೆ ಆ ಮಾತನ್ನು ಒಬ್ಬ ಕಲಾವಿದನ ಮಾತೆಂದು ತಿಳಿದು, ಗೌರವದಿಂದ ಬೇರೆ ತಂಡವನ್ನು ಹುಡುಕಿಕೊಳ್ಳಲಿ. ಕಲಿಯಲು ಬರುವ ಮಗು ಯಾವ ಬೀದಿಯದೆಂದು ಯಾರೂ ಕೇಳದಿರಲಿ.

ಇಷ್ಟು ಮಾಡಿದರೂ ಒಬ್ಬ ಹಿರಿಯ ವಾದಕನ ಕೈ ಅವರೊಂದಿಗೇ ಹೋಗುತ್ತದೆ. ಅದನ್ನು ತಡೆಯಲು ಯಾರಿಂದಲೂ ಆಗದು. ಆದರೆ ಅವರು ಇರುವಾಗಲೇ ‘ಇದು ಇಂಥವರ ಕೈ’ ಎಂದು ಹೆಸರು ಹೇಳಿ ಕರೆಯುವುದು ನಮ್ಮ ಕೈಯಲ್ಲೇ ಇದೆ.